ಚಿಕ್ಕ ಪರಿಸರ ಕಾಲೇಜಿಗೆ ದುಡ್ಡು ಕೊಡುವುದಾದರೆ ಯಾವ ಖರ್ಚಿಗೆ ಕೊಡಬೇಕು?

ಹೊಂಗೆ ನೆರಳು (ವಿಜಯನಗರ):

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ, ಹೆಚ್ಚಿನವರು ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು, ಸೇರಿಕೊಂಡು ಒಂದು ಚಿಕ್ಕ ಪರಿಸರ ಕಾಲೇಜಿಗೆ ನೆರವಾಗಬೇಕು ಅಂದುಕೊಂಡಿದ್ದೇವೆ. ಕಾಲೇಜು ಬೆಂಗಳೂರಿನ ಹೊರವಲಯದಲ್ಲಿದೆ. ಒಂದು ತರಗತಿಯ ಮಕ್ಕಳೆಲ್ಲ ಒಂದೇ ಮಿನಿ ಬಸ್ಸಿನಲ್ಲಿ ಕೂರಬಹುದು, ಅಷ್ಟು ಚಿಕ್ಕದು. ಈ ವೇದಿಕೆಯಲ್ಲಿ ಚಂದಾ ಎತ್ತುವ ಹಾಗಿಲ್ಲ. ಅದಕ್ಕೇ ಹೆಸರು ಹಾಕಿಲ್ಲ, ದಯವಿಟ್ಟು ಕೇಳಬೇಡಿ. ನನಗೆ ಬೇಕಿರುವುದು ನಿಮ್ಮ ಅನುಭವ.

ವಿಷಯ ಹೀಗಿದೆ. ಕಾಲೇಜಿಗೆ ಒಳ್ಳೆಯ ಕಟ್ಟಡ ಇದೆ. ಒಂದು ಕಂಪನಿ ಕಟ್ಟಿಸಿಕೊಟ್ಟಿದೆ. ಚಾವಣಿ ಮೇಲೆ ಸೋಲಾರ್, ಕೆಳಗೆ ಮಳೆನೀರಿನ ಸಂಪು, ಬಾಗಿಲ ಪಕ್ಕ ಗ್ರಾನೈಟ್ ಕಲ್ಲಿನಲ್ಲಿ ಕೊಟ್ಟವರ ಹೆಸರು. ಆದರೆ ಸಸ್ಯಶಾಸ್ತ್ರದ ಮೇಷ್ಟ್ರು ಬಿಟ್ಟುಹೋದ ಮೇಲೆ ಆ ಜಾಗ ಖಾಲಿಯೇ ಇದೆ. ಉಳಿದವರೇ ಪಾಠ ಹಂಚಿಕೊಂಡಿದ್ದಾರೆ. ಪಶ್ಚಿಮ ಘಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವುದು ಕಡಿಮೆಯಾಗಿದೆ, ಬಸ್ಸಿನ ಬಾಡಿಗೆಗೆ ದುಡ್ಡಿಲ್ಲ. ನಿಮಗೆ ಏನು ಬೇಕು ಅಂತ ಪ್ರಾಂಶುಪಾಲರನ್ನೇ ಕೇಳಿದೆವು. "ಸಂಬಳಕ್ಕೆ ಅಂತ ಯಾರೂ ಕೊಡುವುದಿಲ್ಲ" ಅಂದರು.

ನಮ್ಮ ಗುಂಪಿನಲ್ಲೇ ಒಮ್ಮತ ಇಲ್ಲ. ಕೆಲವರಿಗೆ ಪ್ರಯೋಗಾಲಯ ಮಾಡಿಸಿ ತಂದೆತಾಯಿಯ ಹೆಸರಿಡುವ ಆಸೆ. ಕೆಲವರು ದತ್ತಿನಿಧಿ ಇಟ್ಟು ಬಡ್ಡಿಯಲ್ಲಿ ವಿದ್ಯಾರ್ಥಿವೇತನ ಕೊಡೋಣ ಅನ್ನುತ್ತಾರೆ. ನಾನು ಹೇಳುತ್ತಿರುವುದು ಬೇರೆ. ಪ್ರತಿ ತಿಂಗಳು ಇಂತಿಷ್ಟು, ಕನಿಷ್ಠ ಐದು ವರ್ಷ, ಯಾವ ಷರತ್ತೂ ಇಲ್ಲದೆ ಕೊಡೋಣ. ಸಂಬಳಕ್ಕೋ ಬಸ್ಸಿಗೋ ಅವರೇ ನಿರ್ಧರಿಸಲಿ.

ಪರಿಸರ ಒಂದು ಪಾಠದ ವಿಷಯವಾಗಿ ಈಗ ಎಲ್ಲ ಪದವಿಯಲ್ಲೂ ಇದೆ. 1991ರಲ್ಲಿ ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂದಿತು. ಆಮೇಲೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅದನ್ನು ಪದವಿಯ ಮಕ್ಕಳಿಗೆಲ್ಲ ತಂದಿತು. ಹೆಚ್ಚಿನ ಕಡೆ ಅದನ್ನು ಗೈಡ್ ಓದಿ ಪಾಸು ಮಾಡುತ್ತಾರೆ. ಈ ಚಿಕ್ಕ ಕಾಲೇಜಿನಲ್ಲಿ ಮಕ್ಕಳು ಕೆರೆಗೆ ಇಳಿದು ನೀರು ತೆಗೆಯುತ್ತಾರೆ, ಹುಲ್ಲುಗಾವಲಿನಲ್ಲಿ ಹಗ್ಗ ಕಟ್ಟಿ ಗಿಡ ಎಣಿಸುತ್ತಾರೆ. ಇಲ್ಲಿ ಖರ್ಚು ಗೋಡೆಗೆ ಅಲ್ಲ, ಜೊತೆಗೆ ಹೋಗಿ ತೋರಿಸಿಕೊಡುವ ಮನುಷ್ಯರಿಗೆ. ಅವರಿಲ್ಲದಿದ್ದರೆ ಸೋಲಾರ್ ಚಾವಣಿಯ ಕೆಳಗೂ ಅದೇ ಗೈಡ್ ಓದುವುದಾಗುತ್ತದೆ.

ಇಂಥ ಕಡೆ ಕೊಟ್ಟು ಅನುಭವ ಇರುವವರು, ಕಲಿತವರು, ಲೆಕ್ಕ ಬಲ್ಲವರು ಹೇಳಿ.

ಲೆಕ್ಕದ ಪುಸ್ತಕ (ಜಯನಗರ):

ಸಾರ್, ನಾನು ಟ್ರಸ್ಟುಗಳ ಆಡಿಟ್ ಮಾಡುವವನು. ಮನಸ್ಸಿನ ಮಾತು ಆಮೇಲೆ, ಮೊದಲು ಕಾಗದ.

ಕಾಲೇಜು ನಡೆಸುವುದು ಟ್ರಸ್ಟಾ, ಸೊಸೈಟಿಯಾ, ಕಂಪನಿಯಾ ಕೇಳಿ. ಸೊಸೈಟಿ ಆದರೆ ನಮ್ಮಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತದೆ. ಆದಾಯ ತೆರಿಗೆ ಇಲಾಖೆಯ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ಈಗ ಅದು ಶಾಶ್ವತ ಅಲ್ಲ, ನವೀಕರಿಸಬೇಕು. ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ.

ತೆರಿಗೆ ವಿಷಯಕ್ಕೆ ಬಂದರೆ, ದಾನ ಕೊಟ್ಟದ್ದಕ್ಕೆ ಸಿಗುವ, ನಾವೆಲ್ಲ 80ಜಿ ಅನ್ನುವ ರಿಯಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಸಿಗುವುದಿಲ್ಲ. ಇಂಥ ಕಾಲೇಜಿಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಮೊತ್ತ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಆದಾಯದ ಶೇ. 10ರ ಮಿತಿ ಇದೆ. ಒಂದು ಲಕ್ಷ ಕೊಟ್ಟಿರಿ ಅನ್ನಿ. 50,000 ಕಳೆಯುತ್ತದೆ. ಶೇ. 20ರ ಹಂತದಲ್ಲಿ ಇರುವವರಿಗೆ ಸೆಸ್ ಸೇರಿ ಉಳಿಯುವುದು 10,400 ರೂಪಾಯಿ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಕಾಲೇಜು ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕು. ನಿಮ್ಮ ಪ್ಯಾನ್ ಅದರಲ್ಲಿ ಇರಬೇಕು. ರಸೀದಿ ಒಂದೇ ಸಾಲದು.

ಇನ್ನೊಂದು ಮುಖ್ಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟ್ರಸ್ಟು ಆ ವರ್ಷ ಬಂದ ಆದಾಯದಲ್ಲಿ ಶೇ. 85ರಷ್ಟನ್ನು ಅದರ ಉದ್ದೇಶಕ್ಕೆ ಖರ್ಚು ಮಾಡಬೇಕು. ಉಳಿಸಿಕೊಳ್ಳಬೇಕಾದರೆ ಇಂಥದ್ದಕ್ಕೆ ಅಂತ ಬರೆದುಕೊಟ್ಟು ಗರಿಷ್ಠ ಐದು ವರ್ಷ ಇಡಬಹುದು. ಅಂದರೆ ನೀವು ಒಂದೇ ಸಲ ಹತ್ತು ಲಕ್ಷ ಕೊಟ್ಟು "ನಿಧಾನವಾಗಿ ಸಂಬಳಕ್ಕೆ ಬಳಸಿಕೊಳ್ಳಿ" ಅಂದರೆ ಅವರಿಗೆ ಕಾಗದಪತ್ರದ ಕೆಲಸ ಹೆಚ್ಚುತ್ತದೆ. ತಿಂಗಳು ತಿಂಗಳು ಬಂದರೆ ಬಂದ ಹಾಗೆ ಖರ್ಚಾಗುತ್ತದೆ. ಹಾಗಾಗಿ ಹೊಂಗೆ ನೆರಳು ಅವರ ಯೋಚನೆ ಲೆಕ್ಕದ ದೃಷ್ಟಿಯಿಂದಲೂ ಸರಿ.

ಮಲ್ಲೇಶ್ವರ ಅಡ್ಡರಸ್ತೆ:

ನಾನು ಒಪ್ಪುವುದಿಲ್ಲ. ತಿಂಗಳ ಚಂದಾ ಕೊಡುವವರು ಎಷ್ಟು ದಿನ ಕೊಡುತ್ತಾರೆ? ಮೊದಲ ವರ್ಷ ಉತ್ಸಾಹ ಇರುತ್ತದೆ. ಆಮೇಲೆ ಮೊಮ್ಮಗಳ ಮದುವೆ, ಮಂಡಿ ಆಪರೇಷನ್, ಮಗನ ಹತ್ತಿರ ಹೈದರಾಬಾದಿಗೆ ಹೋಗುವುದು. ನಾವು ವಯಸ್ಸಾದವರು, ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನ ಇಲ್ಲ. ದತ್ತಿ ಇಟ್ಟರೆ ಕೊಟ್ಟವರು ಹೋದ ಮೇಲೂ ಇರುತ್ತದೆ.

ನಮ್ಮ ಊರಿನಲ್ಲೇ ನೋಡಿ. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ ಇದೆ. ಅವರು ವ್ಯಾಪಾರಿ. ದುಡಿದದ್ದನ್ನು ಧರ್ಮಕ್ಕೆ ಬಿಟ್ಟರು. 1903ರಲ್ಲಿ ಛತ್ರ ಶುರುವಾಯಿತು. ಆ ಸಂಸ್ಥೆ ಇವತ್ತಿಗೂ ವಿದ್ಯಾರ್ಥಿನಿಲಯ ನಡೆಸುತ್ತಿದೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ವಿಜ್ಞಾನ ಸಂಸ್ಥೆಯೂ ಹಾಗೇ. ಜೆಮ್‌ಶೆಟ್‌ಜಿ ಟಾಟಾ ಆಸ್ತಿ ಬರೆದಿಟ್ಟರು, 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಆಯಿತು. ತಿಂಗಳ ಚಂದಾದಲ್ಲಿ ಇದು ಸಾಧ್ಯ ಇತ್ತಾ?

ಚಿಕ್ಕ ಕಾಲೇಜಿಗೂ ಒಂದು ಇಡುಗಂಟು ಬೇಕು. ಬರಗಾಲ ಬರಲಿ, ಕೊರೊನಾ ಬರಲಿ, ಅದರ ಮೇಲೆ ನಿಲ್ಲಬೇಕು.

ಹೊಂಗೆ ನೆರಳು:

ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಬ್ಯಾಂಕಿನವನಾಗಿ ಒಂದು ಲೆಕ್ಕ ಇಡುತ್ತೇನೆ.

ಒಬ್ಬ ಒಳ್ಳೆಯ ಮೇಷ್ಟ್ರಿಗೆ ತಿಂಗಳಿಗೆ 40,000 ಕೊಡಬೇಕು ಅಂದುಕೊಳ್ಳಿ. ಇದೇನೂ ದೊಡ್ಡ ಸಂಬಳ ಅಲ್ಲ. ಯುಜಿಸಿ ಪ್ರಕಾರ ಹೊಸ ಸಹಾಯಕ ಪ್ರಾಧ್ಯಾಪಕರ ಮೂಲ ವೇತನವೇ 57,700. ಆದರೂ 40,000 ಅಂತಲೇ ಹಿಡಿಯೋಣ. ವರ್ಷಕ್ಕೆ 4,80,000. ಶೇ. 7ರ ಬಡ್ಡಿಯಲ್ಲಿ ಅಷ್ಟು ಬರಬೇಕಾದರೆ ಹತ್ತಿರ ಹತ್ತಿರ 69 ಲಕ್ಷ ಇಡಬೇಕು. ನಮ್ಮ ಗುಂಪಿನಿಂದ ಅದು ಆಗುವ ಮಾತಲ್ಲ. ಬಡ್ಡಿಯಷ್ಟನ್ನೂ ತೆಗೆದು ಖರ್ಚು ಮಾಡಿದರೆ ಅಸಲು ಇದ್ದಲ್ಲೇ ಇರುತ್ತದೆ, ಸಂಬಳ ಮಾತ್ರ ಏರಲೇಬೇಕು. ಅದೇ 40,000ವನ್ನು ತಿಂಗಳಿಗೆ 500 ರೂಪಾಯಿಯಂತೆ 80 ಜನ ಕೊಡಬಹುದು.

ತೋಟದಪ್ಪನವರು ಬಿಟ್ಟುಹೋದದ್ದು ಊರಿನ ನಡುವಿನ ಜಾಗ. ಊರು ಬೆಳೆದ ಹಾಗೆ ಅದರ ಬೆಲೆಯೂ ಬೆಳೆಯಿತು. ನಾವು ಇಡುವುದು ಬ್ಯಾಂಕಿನ ಠೇವಣಿ. ಎಷ್ಟೋ ಸಂಘಸಂಸ್ಥೆಗಳಲ್ಲಿ ಹಿಂದೆ 10,000 ಇಟ್ಟ ದತ್ತಿ ಈಗಲೂ 10,000ವೇ. ಶೇ. 7ರಂತೆ ವರ್ಷಕ್ಕೆ 700 ಬರುತ್ತದೆ. ಭಾಷಣಕ್ಕೆ ಬಂದವರ ಆಟೋ ಬಾಡಿಗೆಗೆ, ಒಂದು ಶಾಲಿಗೆ ಅದು ಮುಗಿಯುತ್ತದೆ. ಇಟ್ಟವರ ಮನಸ್ಸು ದೊಡ್ಡದೇ ಆಗಿತ್ತು, ಅಲ್ವಾ?

ನಮ್ಮ ತಂದೆ ಚಿಕ್ಕಂದಿನಲ್ಲಿ ವಾರಾನ್ನ ಮಾಡಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವ ಮನೆಯೂ ಆ ಹುಡುಗನನ್ನು ಪೂರ್ತಿ ಸಾಕಲಿಲ್ಲ. ತಮ್ಮ ವಾರ ಮಾತ್ರ ತಪ್ಪಿಸಲಿಲ್ಲ. ಒಂದು ಮನೆಯವರು ಊರು ಬಿಟ್ಟರೆ ಇನ್ನೊಂದು ಮನೆ ಆ ವಾರ ಹಿಡಿಯುತ್ತಿತ್ತು. ನಾನು ಕೇಳುತ್ತಿರುವುದು ಅಂಥ ಏರ್ಪಾಟು. ನೀವು ಹೇಳುವ ಮಂಡಿ ಆಪರೇಷನ್ ಸಮಸ್ಯೆಗೂ ಉತ್ತರ ಅದೇ, ಒಬ್ಬರು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರನ್ನು ಕರೆತರುವ ಜವಾಬ್ದಾರಿ ಗುಂಪಿನದು.

ಸರ್ಕಾರಿ ಕಾಲೇಜಿನ ಮೇಷ್ಟ್ರು (ದೊಡ್ಡಬಳ್ಳಾಪುರ):

ಬೇಸರ ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ಖಾಸಗಿ ಕಾಲೇಜಿಗೆ ಯಾಕೆ? ನಮ್ಮಲ್ಲಿ ಓದುವ ಮಕ್ಕಳು ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹತ್ತಿ ಬರುತ್ತಾರೆ. ನಮ್ಮ ಪ್ರಯೋಗಾಲಯದಲ್ಲಿ ಪಿಎಚ್ ಕಾಗದ ಬಿಟ್ಟರೆ ನೀರು ಪರೀಕ್ಷೆಗೆ ಬೇರೇನೂ ಇಲ್ಲ. ಪಕ್ಕದಲ್ಲೇ ಕೆರೆ ಇದೆ. ಇಡೀ ತರಗತಿಯನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ, ಅಷ್ಟು ಮಕ್ಕಳು, ಒಬ್ಬನೇ ಮೇಷ್ಟ್ರು. ದಾನ ಕೊಡುವವರು ಇತ್ತ ಕಡೆ ಯಾಕೆ ನೋಡುವುದಿಲ್ಲ?

ಇನ್ನು ಪರಿಸರ ವಿಜ್ಞಾನಕ್ಕೆ ಬೆಂಗಳೂರಿನಲ್ಲಿ ದೊಡ್ಡ ಸಂಸ್ಥೆಗಳೇ ಇವೆ. ಮಾಧವ ಗಾಡ್ಗೀಳ್ ಅವರು 1983ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ಕೇಂದ್ರ ಕಟ್ಟಿದರು. 1996ರಲ್ಲಿ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಶುರುವಾಯಿತು. ಹೀಗಿರುವಾಗ ಚಿಕ್ಕದೊಂದು ಕಾಲೇಜು ಉಳಿಯಲೇಬೇಕಾ?

ತಿಪಟೂರಿನ ಹುಡುಗಿ:

ಉಳಿಯಬೇಕು ಸರ್. ನಾನು ಅಂಥ ಒಂದು ಕಾಲೇಜಿನಲ್ಲಿ ಓದಿದವಳು, ಹೇಳುತ್ತೇನೆ.

ನೀವು ಹೇಳಿದ ದೊಡ್ಡ ಸಂಸ್ಥೆಗಳನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲು ಒಬ್ಬಳು ಹುಡುಗಿ ಇದು ತನ್ನಿಂದ ಆಗುವ ಕೆಲಸ ಅಂತ ನಂಬಬೇಕು. ತೆಂಗಿನ ತೋಟದಿಂದ ಬಂದ ನನಗೆ ಆ ನಂಬಿಕೆ ಬಂದದ್ದು ಚಿಕ್ಕ ಕಾಲೇಜಿನಲ್ಲಿ.

ಒಂದು ಪಾಠ ಹೇಳುತ್ತೇನೆ, ಯಾಕೆ ಖರ್ಚಾಗುತ್ತದೆ ಅಂತ ಗೊತ್ತಾಗುತ್ತದೆ. ಕೆರೆಯ ನೀರಿನಲ್ಲಿ ಆಮ್ಲಜನಕ ಎಷ್ಟು ಕರಗಿದೆ ಅಂತ ನೋಡುವುದು. ಮಧ್ಯಾಹ್ನ ಹೋಗಿ ನೀರು ತೆಗೆದರೆ ಅಂಕಿ ಚೆನ್ನಾಗಿ ಬರುತ್ತದೆ. ಯಾಕೆಂದರೆ ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತಾ ಇರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಎಳೆದುಕೊಳ್ಳುತ್ತವೆ. ತೀರಾ ಕಡಿಮೆ ಇರುವುದು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ. ಮೀನು ಸಾಯುವುದೂ ಆ ಹೊತ್ತಿಗೇ. ಹಾಗಾಗಿ ಕೆರೆಯ ನಿಜವಾದ ಸ್ಥಿತಿ ತಿಳಿಯಬೇಕಾದರೆ ಕತ್ತಲಲ್ಲಿ ಹೋಗಬೇಕು. ಬಿಎಂಟಿಸಿ ಬಸ್ಸು ಆ ಹೊತ್ತಿಗೆ ಸಿಗುವುದಿಲ್ಲ. ಗಾಡಿ ಬೇಕು, ಟಾರ್ಚು ಬೇಕು, ಹೆಣ್ಣುಮಕ್ಕಳ ಜೊತೆ ಮೇಡಂ ಇರಬೇಕು. ಬಾಟಲಿಯಲ್ಲಿ ಗುಳ್ಳೆ ಬಾರದ ಹಾಗೆ ನೀರು ತುಂಬಬೇಕು. ಅಲ್ಲೇ, ಆ ದಂಡೆಯಲ್ಲೇ, ಮ್ಯಾಂಗನೀಸ್ ಸಲ್ಫೇಟ್ ಮತ್ತೆ ಕ್ಷಾರದ ಅಯೋಡೈಡ್ ಹಾಕಬೇಕು. ಕಂದು ಬಣ್ಣದ ಗಸಿ ಕೂತರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ ಅಂತಲೇ ಅರ್ಥ.

ಬಾಟಲಿ ಬೆಳ್ಳಗೆ ಉಳಿದದ್ದನ್ನು ನಾನು ನೋಡಿದ್ದೇನೆ. ನನ್ನ ಮೇಡಂ ಪಕ್ಕದಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ, ಮತ್ತೊಮ್ಮೆ ಮಾಡು ಅಂದರು ಅಷ್ಟೇ. ಯಾವ ಗೈಡ್ ಪುಸ್ತಕವೂ ಇದನ್ನು ಕೊಡುವುದಿಲ್ಲ. ಆ ಮೇಡಂ ಎರಡು ವರ್ಷ ಆದ ಮೇಲೆ ಬಿಟ್ಟರು. ಸಂಬಳ ಮೂರು ತಿಂಗಳು ತಡವಾಗಿತ್ತು, ಅವರ ಮನೆಯಲ್ಲಿ ಸಾಲ ಇತ್ತು. ಅದೇ ವರ್ಷ ಕಾಲೇಜಿಗೆ ಹೊಸ ಸಭಾಂಗಣ ಬಂತು. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ನನಗೆ ಗೊತ್ತು. ಆದರೂ ಆ ಸಭಾಂಗಣಕ್ಕೆ ಹೋದಾಗಲೆಲ್ಲ ನನಗೆ ಮೇಡಂ ನೆನಪಾಗಿ ಅಳು ಬರುತ್ತಿತ್ತು.

ಸಂಬಳಕ್ಕೆ ಕೊಡಿ. ದಯವಿಟ್ಟು ಸಂಬಳಕ್ಕೆ ಕೊಡಿ.

ಜಕ್ಕೂರು ದಂಡೆ:

ತಿಪಟೂರಿನ ಹುಡುಗಿ ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ನಮ್ಮ ಕಡೆಯ ಕೆರೆ ಕೆಲಸದಲ್ಲಿ ಓಡಾಡುವವನು. ನಮಗೆ ಇಂಥ ಮಕ್ಕಳು ಬೇಕು, ಸಿಗುತ್ತಿಲ್ಲ.

ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧ ಮಾಡುವ ಘಟಕದ ನೀರು ಮೊದಲು ಜೊಂಡು ಬೆಳೆದ ಜೌಗಿಗೆ ಹೋಗುತ್ತದೆ, ಆಮೇಲೆ ಕೆರೆಗೆ. ಆ ಜೊಂಡನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದೇ ಕೊಳೆತು ಮತ್ತೆ ನೀರಿಗೆ ಸೇರುತ್ತದೆ. ಯಾವಾಗ ತೆಗೆಯಬೇಕು, ಎಷ್ಟು ಬಿಡಬೇಕು, ಹಕ್ಕಿ ಗೂಡು ಕಟ್ಟುವ ಹೊತ್ತಾ ಅಲ್ವಾ, ಇದನ್ನೆಲ್ಲ ತಿಳಿದು ಹೇಳುವವರು ಬೇಕು. ಗುತ್ತಿಗೆದಾರನಿಗೆ ಜೆಸಿಬಿ ಗೊತ್ತು, ಜೊಂಡು ಗೊತ್ತಿಲ್ಲ.

ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ಬೆಂಕಿ ಕಾಣಿಸಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಸೈನ್ಯದವರು ಬಂದು ಆರಿಸಬೇಕಾಯಿತು. ಅದೇ ವರ್ಷ ನಗರದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯಲು ಶುರುವಾಯಿತು. ಒಳ್ಳೆಯದೇ, ಬತ್ತಿದ ಕೆರೆಗಳು ತುಂಬಿವೆ. ಆದರೆ ಆ ನೀರನ್ನು ವರ್ಷವಿಡೀ ಕೆರೆ ಕೆರೆಗೂ ಹೋಗಿ ನೋಡುವ ಕಣ್ಣುಗಳು ಬೇಡವಾ? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸಮಿತಿ, ಒಂದು ದಾಖಲೆ ಪುಸ್ತಕ ಇರಬೇಕು. ಅದನ್ನು ಬರೆಯುವವರು ಯಾರು? ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪು ಇದೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಯಿತು. ವಿಮಾನ ನಿಲ್ದಾಣಕ್ಕೆ ಹೋಗುವ ಜನರಲ್ಲಿ ಎಷ್ಟು ಮಂದಿಗೆ ಗೊತ್ತು?

ದುಡ್ಡಿನ ಜೊತೆ ಇನ್ನೊಂದು ಕೊಡಬಹುದು. ನಮ್ಮ ಕೆರೆಯನ್ನೇ ಮಕ್ಕಳ ತರಗತಿಯಾಗಿ ಬಿಟ್ಟುಕೊಡುತ್ತೇವೆ. ಅಪಾರ್ಟ್‌ಮೆಂಟಿನವರು ತಮ್ಮ ಕೊಳಚೆ ಶುದ್ಧ ಮಾಡುವ ಘಟಕ (ಎಸ್‌ಟಿಪಿ) ತೋರಿಸಲಿ. ಮಕ್ಕಳು ಅಳತೆ ಮಾಡಿಕೊಟ್ಟರೆ ಅದಕ್ಕೆ ಕೂಲಿ ಅಂತ ಲೆಕ್ಕ ಹಾಕಿ ಕೊಡೋಣ. ಬಿಟ್ಟಿ ಮಾಡಿಸಿಕೊಳ್ಳುವುದು ಬೇಡ.

ವೈಟ್‌ಫೀಲ್ಡ್ ವಾಸಿ:

ಕಂಪನಿಗಳು ಯಾಕೆ ಕಟ್ಟಡಕ್ಕೇ ಕೊಡುತ್ತವೆ ಅಂತ ಹೇಳುತ್ತೇನೆ, ನಾನು ಆ ಕೆಲಸದ ಹತ್ತಿರ ಇದ್ದವಳು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಪರಿಸರವೂ ಆ ಪಟ್ಟಿಯಲ್ಲಿವೆ. ಆದರೆ 2021ರಿಂದ ಈಚೆಗೆ ಆ ಹಣವನ್ನು ಇಡುಗಂಟಿಗೆ ಹಾಕುವ ಹಾಗಿಲ್ಲ. ಹೆಚ್ಚಿನ ಕಡೆ ಮಾರ್ಚ್ ಒಳಗೆ ಖರ್ಚು ತೋರಿಸುವ ಅವಸರ. ಕಟ್ಟಡ ಆದರೆ ಫೋಟೋ ಇದೆ, ಬಿಲ್ ಇದೆ, ಮುಗಿಯಿತು. ಮೇಷ್ಟ್ರ ಸಂಬಳ ಮುಂದಿನ ವರ್ಷವೂ ಬೇಕಲ್ಲ.

ಒಂದು ದಾರಿ ಇದೆ. ಕಾಲೇಜಿನವರು "ನಾಲ್ಕು ಕೆರೆಗಳ ಮೂರು ವರ್ಷದ ಅಧ್ಯಯನ" ಅಂತ ಯೋಜನೆ ಬರೆದರೆ ಅದರಲ್ಲಿ ಕೆಲಸ ಮಾಡುವ ಮೇಷ್ಟ್ರ ಸಂಬಳ, ಗಾಡಿ, ರಾಸಾಯನಿಕ ಎಲ್ಲ ಯೋಜನೆಯ ಖರ್ಚಾಗಿಯೇ ಬರುತ್ತದೆ. ಜಕ್ಕೂರಿನವರು ಹೇಳಿದ್ದಕ್ಕೆ ಇದು ಹೊಂದುತ್ತದೆ. ಕಾಲೇಜಿಗೆ ಇಂಥ ಅರ್ಜಿ ಬರೆದುಕೊಡಲು ಜನ ಇಲ್ಲ. ನಿವೃತ್ತ ಬ್ಯಾಂಕಿನವರು ಆ ಕೆಲಸಕ್ಕೆ ಕೂರಬಹುದು. ಅದೂ ಕೊಡುಗೆಯೇ.

ಬೋಸ್ಟನ್ ಕನ್ನಡಿಗ:

ಇಲ್ಲಿಂದ ಒಂದೆರಡು ಮಾತು. ಅಮೆರಿಕದ ಮೇನ್ ರಾಜ್ಯದ ಒಂದು ದ್ವೀಪದಲ್ಲಿ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಅಂತ ಇದೆ. 1969ರಲ್ಲಿ ಸ್ಥಾಪನೆ, 1972ರಲ್ಲಿ 32 ವಿದ್ಯಾರ್ಥಿಗಳಿಂದ ಪಾಠ ಶುರು. ಈಗಲೂ ಸುಮಾರು 350 ಮಕ್ಕಳು. ಇರುವುದು ಒಂದೇ ವಿಷಯ, ಮಾನವ ಪರಿಸರಶಾಸ್ತ್ರ. ಕಾಲೇಜಿಗೆ ಸ್ವಂತ ಹೊಲಗಳಿವೆ, ತಿಮಿಂಗಿಲ ಅಧ್ಯಯನದ ಗುಂಪಿದೆ. ಅಷ್ಟು ಚಿಕ್ಕ ಕಾಲೇಜು ಬರೀ ಶುಲ್ಕದಲ್ಲಿ ನಡೆಯುವುದಿಲ್ಲ. ಇಲ್ಲಿನ ಚಿಕ್ಕ ಕಾಲೇಜುಗಳು ಪ್ರತಿ ವರ್ಷ ಹಳೇ ವಿದ್ಯಾರ್ಥಿಗಳನ್ನು, ಊರಿನವರನ್ನು ಕೇಳಿ ಒಂದು ವಾರ್ಷಿಕ ನಿಧಿ ಎತ್ತುತ್ತವೆ. ಅದಕ್ಕೆ ಕೊಟ್ಟ ದುಡ್ಡು ಹೆಚ್ಚಾಗಿ ಷರತ್ತಿಲ್ಲದ್ದು. ಸಂಬಳ, ದೀಪ, ಹಿಮ ತೆಗೆಯುವುದು, ಎಲ್ಲಕ್ಕೂ.

ಇನ್ನೊಂದು ಕಡೆ ನೋಡಿ. ವರ್ಮಾಂಟ್‌ನ ಗ್ರೀನ್ ಮೌಂಟನ್ ಕಾಲೇಜು ಪರಿಸರ ಶಿಕ್ಷಣಕ್ಕೆ ಹೆಸರಾಗಿತ್ತು. 1834ರಷ್ಟು ಹಳೆಯದು. 2019ರಲ್ಲಿ ಮುಚ್ಚಿತು. ವಿದ್ಯಾರ್ಥಿಗಳು ಕಡಿಮೆಯಾದರು, ನಡೆಸುವ ದುಡ್ಡು ಸಾಲಲಿಲ್ಲ. ಕಟ್ಟಡಗಳಿಗೇನೂ ಕೊರತೆ ಇರಲಿಲ್ಲ. ಮಲ್ಲೇಶ್ವರದವರು ಹೇಳಿದ ಇಡುಗಂಟಿನ ಮಾತು ನನಗೆ ಇದಕ್ಕೇ ಸರಿ ಅನ್ನಿಸುತ್ತದೆ. ಎರಡೂ ಬೇಕು. ಆದರೆ ಮೊದಲು ಈ ವರ್ಷ ಬಾಗಿಲು ತೆರೆದಿರಬೇಕು.

ಹೊರದೇಶದಲ್ಲಿರುವ ಮಕ್ಕಳಿಂದ ಕೊಡಿಸುವ ಯೋಚನೆ ಇದ್ದರೆ ಹುಷಾರು. ಭಾರತದ ಪಾಸ್‌ಪೋರ್ಟ್ ಇನ್ನೂ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಇಲ್ಲಿನ ಪೌರತ್ವ ತೆಗೆದುಕೊಂಡವರು, ಒಸಿಐ ಕಾರ್ಡಿನವರು ಕೊಟ್ಟರೆ ಆಗುತ್ತದೆ. ಆಗ ಕಾಲೇಜಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಬೇಕು. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಾಮಾನ್ಯ ಖಾತೆಗೆ ಪ್ರೀತಿಯಿಂದ ಹಾಕಿದ ನೂರು ಡಾಲರ್ ಕೂಡ ಕಾಲೇಜನ್ನು ತೊಂದರೆಗೆ ಸಿಕ್ಕಿಸುತ್ತದೆ.

ಸರ್ಕಾರಿ ಕಾಲೇಜಿನ ಮೇಷ್ಟ್ರು:

ತಿಪಟೂರಿನ ಮಗಳೇ, ನಿನ್ನ ಬರಹ ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ಒಬ್ಬ ಹುಡುಗ "ಸಾರ್, ನಮ್ಮ ಕೆರೆಗೂ ಕತ್ತಲಲ್ಲಿ ಹೋಗೋಣವಾ" ಅಂದ.

ಹಾಗಾದರೆ ಒಂದು ಬೇಡಿಕೆ. ಆ ಕಾಲೇಜಿನ ಬಸ್ಸಿನಲ್ಲಿ ನಾಲ್ಕು ಸೀಟು ನಮ್ಮಂಥ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಇಡಲಿ. ರಜೆಯಲ್ಲಿ ಅವರ ಪ್ರಯೋಗಾಲಯ ನಮಗೂ ತೆರೆದಿರಲಿ. ಆಗ ನಾನೂ ತಿಂಗಳಿಗೆ 500 ಕೊಡುವ 80 ಜನರಲ್ಲಿ ಒಬ್ಬ.

ಹೊಂಗೆ ನೆರಳು:

ಮೇಷ್ಟ್ರೇ, ಈ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಷರತ್ತು ಅಂತ ಹಾಕುವುದಿಲ್ಲ. ಷರತ್ತಿಲ್ಲದೆ ಕೊಡುತ್ತೇವೆ ಅಂದ ಮೇಲೆ ಅದಕ್ಕೆ ಬದ್ಧರಾಗಿರಬೇಕು. ಕೋರಿಕೆ ಅಂತ ಪತ್ರದಲ್ಲಿ ಬರೆಯುತ್ತೇನೆ. ಜೊತೆಗೆ ನಿಮ್ಮನ್ನೂ ಪ್ರಾಂಶುಪಾಲರನ್ನೂ ಭೇಟಿ ಮಾಡಿಸುತ್ತೇನೆ, ನೀವಿಬ್ಬರೂ ಮಾತಾಡಿಕೊಳ್ಳಿ.

ತಿಪಟೂರಿನ ಹುಡುಗಿ:

ವಿದ್ಯಾರ್ಥಿವೇತನದ ಬಗ್ಗೆ ಒಂದು ಸೇರಿಸಲೇ? ಶುಲ್ಕ ಕಟ್ಟಿದರೆ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಜೊತೆಗಿದ್ದವರು ಓದು ಬಿಟ್ಟದ್ದು ಶುಲ್ಕದಿಂದ ಅಲ್ಲ. ಮೆಸ್ ಬಿಲ್, ಪಿಜಿ ಬಾಡಿಗೆ, ಕಾಡಿಗೆ ಹೋಗಲು ಶೂ, ಮಳೆಗೆ ಕೋಟು, ಇವುಗಳಿಂದ. ಜಿಗಣೆ ಇರುವ ಕಡೆ ಹವಾಯಿ ಚಪ್ಪಲಿಯಲ್ಲಿ ಬಂದವಳೂ ನಮ್ಮಲ್ಲಿ ಇದ್ದಳು. ಯಾರೂ ಕೇಳದ ಹಾಗೆ ಮೇಡಂ ಕೈಯಲ್ಲಿ ಒಂದಿಷ್ಟು ದುಡ್ಡು ಇದ್ದರೆ ಇಂಥದ್ದು ಅವತ್ತೇ ಸರಿಹೋಗುತ್ತದೆ.

ಮತ್ತೆ, ಮಕ್ಕಳನ್ನು ವೇದಿಕೆಗೆ ಕರೆದು ಚೆಕ್ ಹಿಡಿಸಿ ಫೋಟೋ ತೆಗೆಸಬೇಡಿ. ಆ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಪ್ಪನಿಗೆ ನೋವಾಗುತ್ತದೆ.

ಲೆಕ್ಕದ ಪುಸ್ತಕ:

ಇದನ್ನು ಮಾಡಬಹುದು. ಪ್ರಾಂಶುಪಾಲರ ಬಳಿ ಒಂದು ಚಿಕ್ಕ ತುರ್ತು ಮೊತ್ತ, ವೋಚರ್‌ನಲ್ಲಿ ವಿದ್ಯಾರ್ಥಿಯ ಹೆಸರಿನ ಬದಲು ಸಂಖ್ಯೆ, ಹೆಸರಿನ ಪಟ್ಟಿ ಬೀರುವಿನಲ್ಲಿ. ಆಡಿಟರ್ ನೋಡುತ್ತಾರೆ, ಬೇರೆಯವರು ನೋಡುವ ಅಗತ್ಯ ಇಲ್ಲ.

ಇನ್ನೊಂದು ಎಚ್ಚರಿಕೆ. ಗುಂಪಿನಲ್ಲಿ ಯಾರದ್ದಾದರೂ ಮೊಮ್ಮಕ್ಕಳು ಆ ಕಾಲೇಜಿಗೆ ಸೇರುವವರಿದ್ದರೆ ಅವರು ಸದ್ಯಕ್ಕೆ ಕೊಡುವುದು ಬೇಡ. ಸೀಟಿನ ಜೊತೆ ಬಂದ ದುಡ್ಡು ದಾನ ಅಲ್ಲ. ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿದೆ. ನಿಮ್ಮ ಉದ್ದೇಶ ಚೆನ್ನಾಗಿದ್ದರೂ ಕಾಲೇಜಿಗೆ ಕೆಟ್ಟ ಹೆಸರು ಬರುತ್ತದೆ.

ಮಲ್ಲೇಶ್ವರ ಅಡ್ಡರಸ್ತೆ:

ಎಲ್ಲ ಓದಿದೆ. ತಿಂಗಳಿಗೆ 1,000 ನನ್ನದು, ಬರೆದುಕೊಳ್ಳಿ. ದತ್ತಿಯ ಆಸೆ ಬಿಟ್ಟಿಲ್ಲ. ಅದನ್ನು ಉಯಿಲಿನಲ್ಲಿ ಬರೆಯುತ್ತೇನೆ. ಬೋಸ್ಟನ್‌ನವರು ಹೇಳಿದ ಹಾಗೆ ಮೊದಲು ಬಾಗಿಲು ತೆರೆದಿರಲಿ. ಲೆಕ್ಕದ ಪುಸ್ತಕದವರೇ, ಉಯಿಲಿನಲ್ಲಿ ಹೇಗೆ ಬರೆಯಬೇಕು?

ಲೆಕ್ಕದ ಪುಸ್ತಕ:

ಕಾಲೇಜಿನ ಹೆಸರಲ್ಲ, ಅದನ್ನು ನಡೆಸುವ ಟ್ರಸ್ಟಿನ ನೋಂದಾಯಿತ ಹೆಸರು, ಪ್ಯಾನ್ ಹಾಕಿ. ಇಡುಗಂಟಿಗೆ ಅಂತ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಅದನ್ನು ಆ ವರ್ಷದ ಆದಾಯ ಅಂತ ಹಿಡಿಯುತ್ತಾರೆ. ಬಡ್ಡಿಯಲ್ಲಿ ಒಂದು ಪಾಲು ಅಸಲಿಗೆ ಸೇರಬೇಕು ಅಂತಲೂ ಸೇರಿಸಿ. ಆಗ ಹೊಂಗೆ ನೆರಳು ಹೇಳಿದ 700 ರೂಪಾಯಿಯ ಗತಿ ಬರುವುದಿಲ್ಲ. ಇಂಥ ವಿಷಯಕ್ಕೇ ಅಂತ ತೀರಾ ಕಟ್ಟಿಹಾಕಬೇಡಿ. ಇವತ್ತಿನ ಕೋರ್ಸು ಮೂವತ್ತು ವರ್ಷ ಆದ ಮೇಲೆ ಇರಬೇಕೆಂದಿಲ್ಲ.

ಹೊಂಗೆ ನೆರಳು:

ಕಾಲೇಜಿಗೆ ಕಳಿಸುವ ಪತ್ರ ಇದು. ತಪ್ಪಿದ್ದರೆ ಹೇಳಿ.

"ಮಾನ್ಯರೇ, ಬರುವ ಜೂನ್‌ನಿಂದ ಐದು ವರ್ಷ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನಮ್ಮ ಗುಂಪಿನ ಸದಸ್ಯರು ತಮ್ಮ ತಮ್ಮ ಖಾತೆಯಿಂದ ನಿಮ್ಮ ಟ್ರಸ್ಟಿಗೆ ಹಣ ಕಳಿಸುತ್ತೇವೆ. ಇದು ಸಾಮಾನ್ಯ ದೇಣಿಗೆ. ಸಂಬಳ, ಪ್ರವಾಸ, ಪ್ರಯೋಗಾಲಯ, ಮಕ್ಕಳ ಊಟ, ಎಲ್ಲಿ ಬೇಕೋ ಅಲ್ಲಿ ಬಳಸಿ. ಯಾವ ಫಲಕವೂ ಬೇಡ, ಸಮಾರಂಭವೂ ಬೇಡ. ಯಾರಾದರೂ ಗುಂಪು ಬಿಡುವುದಾದರೆ ಮೂರು ತಿಂಗಳು ಮೊದಲೇ ತಿಳಿಸುತ್ತೇವೆ. ವರ್ಷಕ್ಕೊಮ್ಮೆ ಆಡಿಟ್ ವರದಿ ಮತ್ತು ನಿಮ್ಮ ಅಧ್ಯಾಪಕರು ಬರೆದ ಒಂದು ಪುಟ ಕಳಿಸಿದರೆ ಸಂತೋಷ. ಸಾಧ್ಯವಾದರೆ ಹತ್ತಿರದ ಸರ್ಕಾರಿ ಕಾಲೇಜಿನ ಕೆಲವು ಮಕ್ಕಳನ್ನು ನಿಮ್ಮ ಪ್ರವಾಸಗಳಿಗೆ ಕರೆದುಕೊಳ್ಳಿ ಎಂದು ಕೋರುತ್ತೇವೆ. ಇದು ಷರತ್ತಲ್ಲ."

ಲೆಕ್ಕದ ಪುಸ್ತಕ:

ಎಲ್ಲರ ಪ್ಯಾನ್ ಪಟ್ಟಿಯನ್ನು ಪತ್ರದ ಜೊತೆಗೇ ಲಗತ್ತಿಸಿ. ಉಳಿದದ್ದು ಸರಿಯಾಗಿದೆ.

ತಿಪಟೂರಿನ ಹುಡುಗಿ:

ನನ್ನದೂ 500 ಬರೆದುಕೊಳ್ಳಿ ಸರ್. ಸಸ್ಯಶಾಸ್ತ್ರದ ಜಾಗ ತುಂಬಿದ ದಿನ ಇಲ್ಲಿ ಒಂದು ಸಾಲು ಹಾಕಿ.